ವಾರಕ್ಕೊಂದು ಪರಾಶಾ, ಶನಿವಾರದ ಲೈಟು, ಅವಲಕ್ಕಿಯ ಮಲಿದಾ: ಯಹೂದಿ ಬದುಕಿನ ಬಗ್ಗೆ ನಿಮ್ಮ ಪ್ರಶ್ನೆಗಳು

ಕಳೆದ ಸಂಚಿಕೆಯಲ್ಲಿ ಯಹೂದಿಗಳ ಶನಿವಾರದ ಬಿಡುವಿನ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಜಾಸ್ತಿ ರಾಜಕೀಯದ್ದೇ. ಅವನ್ನು ಪಕ್ಕಕ್ಕಿಟ್ಟಿದ್ದೇನೆ, ಈ ಅಂಕಣ ಅದಕ್ಕಲ್ಲ. ಮಿಕ್ಕವು ಮನೆ, ಅಡುಗೆ, ಓದಿನ ಬಗ್ಗೆ. ಅವುಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರಿಸುತ್ತೇನೆ. "ಯಹೂದಿಗಳು ಏನನ್ನು ನಂಬುತ್ತಾರೆ?" ಅಂತ ಸುಮಾರು ಜನ ಕೇಳಿದ್ದೀರಿ. ಏನು ಓದುತ್ತಾರೆ, ಏನು ಮಾಡುತ್ತಾರೆ ಅಂತ ಕೇಳಿದರೆ ಬೇಗ ಅರ್ಥವಾಗುತ್ತದೆ. ಒಂದೇ ಬೆಂಚಿನಲ್ಲಿ ಕೂತ ಇಬ್ಬರಿಗೆ ದೇವರ ಬಗ್ಗೆ ಬೇರೆ ಬೇರೆ ಅಭಿಪ್ರಾಯ ಇರಬಹುದು. ಈ ವಾರ ಓದಬೇಕಾದದ್ದು ಯಾವ ಭಾಗ ಅನ್ನುವುದರಲ್ಲಿ ಮಾತ್ರ ಇಬ್ಬರಿಗೂ ಅನುಮಾನ ಇರುವುದಿಲ್ಲ.

ಪ್ರಶ್ನೆ: ನಾನು ಉಡುಪಿ ಕಡೆಯವಳು. ಇಸ್ರೇಲಿನಲ್ಲಿ ವಯಸ್ಸಾದ ಒಬ್ಬ ಅಜ್ಜಿಯನ್ನು ನೋಡಿಕೊಳ್ಳುವ ಕೆಲಸ. ಶುಕ್ರವಾರ ರಾತ್ರಿ ಊಟಕ್ಕೆ ಮಗಳ ಮನೆಯವರೆಲ್ಲ ಬರುತ್ತಾರೆ. ಮೊಮ್ಮಗ ಶಾಲೆಯಿಂದ ತಂದ ಹಾಳೆ ನೋಡಿಕೊಂಡು ಏನೋ ಹೇಳುತ್ತಾನೆ, ಅಜ್ಜಿ ಪ್ರಶ್ನೆ ಹಾಕುತ್ತಾರೆ, ಅಳಿಯ ಅಡ್ಡ ಮಾತಾಡುತ್ತಾರೆ, ಕೊನೆಗೆ ಜಗಳದ ಹಾಗೆ ಕೇಳುತ್ತದೆ. ‘ಪರಾಶಾ’ ಅನ್ನುತ್ತಾರೆ. ಏನದು? ನಾವು ಕ್ಯಾಥೊಲಿಕರು, ನಮ್ಮ ಇಗರ್ಜಿಯಲ್ಲೂ ವಾರವಾರ ಓದುತ್ತಾರೆ, ಆದರೆ ಊಟದ ಮೇಜಿನಲ್ಲಿ ಯಾರೂ ಹೀಗೆ ಕೂಗಾಡಲ್ಲ.
— ರಮತ್ ಗನ್‌ನಿಂದ ಓದುಗರೊಬ್ಬರು

ಆ ಕೂಗಾಟವೇ ಪಾಠ ಕಣಮ್ಮ. ಗಾಬರಿ ಬೇಡ.

ತೋರಾ ಅಂದರೆ ಮೋಶೆಯ ಐದು ಪುಸ್ತಕಗಳು. ನಿಮ್ಮ ಕನ್ನಡ ಬೈಬಲಿನಲ್ಲಿ ಆದಿಕಾಂಡದಿಂದ ಧರ್ಮೋಪದೇಶಕಾಂಡದ ತನಕ ಇರುವುದೇ ಅದು. ಅದನ್ನು 54 ಭಾಗ ಮಾಡಿದ್ದಾರೆ. ಒಂದೊಂದು ಭಾಗವೂ ಒಂದು ಪರಾಶಾ. ಶನಿವಾರ ಬೆಳಿಗ್ಗೆ ಸಿನಗಾಗ್‌ನಲ್ಲಿ (ಅವರ ಪ್ರಾರ್ಥನಾ ಮಂದಿರ) ಸುರುಳಿ ಬಿಚ್ಚಿ ಆ ವಾರದ ಭಾಗವನ್ನು ಪೂರ್ತಿ ರಾಗವಾಗಿ ಓದುತ್ತಾರೆ, ಏಳು ಜನರನ್ನು ಸರದಿಯಂತೆ ಕರೆಯುತ್ತಾರೆ. ಸೋಮವಾರ, ಗುರುವಾರ ಬೆಳಿಗ್ಗೆ ಮುಂದಿನ ಪರಾಶಾದ ಮೊದಲ ತುಣುಕು ಓದುತ್ತಾರೆ. ಹಳೇ ಕಾಲದಲ್ಲಿ ಆ ಎರಡು ದಿನ ಸಂತೆ, ಹಳ್ಳಿಯವರು ಪೇಟೆಗೆ ಬರುತ್ತಿದ್ದರು. ಸೆಪ್ಟೆಂಬರ್ ಕೊನೆಗೋ ಅಕ್ಟೋಬರ್‌ನಲ್ಲೋ ಸಿಮ್ಖಾತ್ ತೋರಾ ಹಬ್ಬ ಬರುತ್ತದೆ. ಅವತ್ತು ಮೋಶೆ ತೀರಿಕೊಳ್ಳುವ ಕೊನೆಯ ಅಧ್ಯಾಯ ಓದಿ, ಅಲ್ಲೇ ಲೋಕ ಸೃಷ್ಟಿಯ ಮೊದಲ ಅಧ್ಯಾಯ ಶುರು ಮಾಡುತ್ತಾರೆ. ಸುರುಳಿ ಎತ್ತಿಕೊಂಡು ಕುಣಿಯುವುದೂ ಅವತ್ತೇ.

ವರ್ಷಕ್ಕೆ 52 ವಾರ, ಭಾಗ 54, ಹೇಗೆ ಹೊಂದುತ್ತದೆ ಅಂತ ನೀವು ಕೇಳಬಹುದು. ಹೀಬ್ರೂ ಪಂಚಾಂಗದ ತಿಂಗಳು ಚಂದ್ರನದ್ದು. ನಮ್ಮ ಅಧಿಕ ಮಾಸದ ಹಾಗೆಯೇ ಅವರೂ 19 ವರ್ಷಕ್ಕೆ 7 ಸಲ ಒಂದು ತಿಂಗಳು ಸೇರಿಸುತ್ತಾರೆ. ತಿಂಗಳು ಸೇರದ ವರ್ಷದಲ್ಲಿ ಶನಿವಾರಗಳು ಸಾಲುವುದಿಲ್ಲ, ಆಗ ಕೆಲವು ಪರಾಶಾಗಳನ್ನು ಜೋಡಿ ಮಾಡಿ ಒಂದೇ ವಾರದಲ್ಲಿ ಮುಗಿಸುತ್ತಾರೆ.

ಅಂದ ಹಾಗೆ, ನಿಮ್ಮ ಇಗರ್ಜಿಯ ಭಾನುವಾರದ ಓದು ಮೂರು ವರ್ಷದ ಸುತ್ತು, ಅಲ್ವಾ? ಹಿಂದೆ ಪ್ಯಾಲೆಸ್ತೀನಿನ ಯಹೂದಿಗಳೂ ತೋರಾ ಮುಗಿಸಲು ಸುಮಾರು ಮೂರು ವರ್ಷ ತೆಗೆದುಕೊಳ್ಳುತ್ತಿದ್ದರು. ಬ್ಯಾಬಿಲೋನಿನ ಯಹೂದಿಗಳದ್ದು ಒಂದು ವರ್ಷದ ಸುತ್ತು, ಕೊನೆಗೆ ಉಳಿದದ್ದು ಅದು. 12ನೇ ಶತಮಾನದಲ್ಲಿ ಬೆಂಜಮಿನ್ ಆಫ್ ಟುಡೇಲಾ ಅನ್ನುವ ಯಾತ್ರಿಕ ಕೈರೋಗೆ ಹೋದಾಗ ಅಲ್ಲಿ ಎರಡು ಸಿನಗಾಗ್ ಇದ್ದವು. ಒಂದರಲ್ಲಿ ವರ್ಷಕ್ಕೆ ಮುಗಿಸುತ್ತಿದ್ದರು, ಇನ್ನೊಂದರಲ್ಲಿ ಮೂರು ವರ್ಷಕ್ಕೆ. ಹಬ್ಬದ ದಿನ ಮಾತ್ರ ಎರಡೂ ಕಡೆಯವರು ಸೇರುತ್ತಿದ್ದರಂತೆ.

ಇನ್ನು ಮನೆಯ ಓದು. ಆ ವಾರದ ಭಾಗವನ್ನು ಎರಡು ಸಲ ಹೀಬ್ರೂನಲ್ಲಿ, ಒಂದು ಸಲ ಹಳೆಯ ಅರಾಮಿಕ್ ಅನುವಾದದಲ್ಲಿ ಓದಬೇಕು ಅಂತ ತಾಲ್ಮುದ್ ಹೇಳುತ್ತದೆ. (ರಬ್ಬಿಗಳು, ಅಂದರೆ ಯಹೂದಿ ಧರ್ಮಗುರುಗಳು, ನಡೆಸಿದ ಚರ್ಚೆಗಳ ಹಳೆಯ ಸಂಗ್ರಹವೇ ತಾಲ್ಮುದ್.) ಇವತ್ತು ಅರಾಮಿಕ್ ಬದಲು ಎಷ್ಟೋ ಜನ ‘ರಾಶಿ’ಯ ವ್ಯಾಖ್ಯಾನ ಓದುತ್ತಾರೆ. ರಾಶಿ 1040ರಿಂದ 1105ರವರೆಗೆ ಬದುಕಿದ್ದ ರಬ್ಬಿ, ಊರು ಫ್ರಾನ್ಸಿನ ತ್ರ್ವಾ. ಅವರು ಹೇಗೆ ಓದುತ್ತಿದ್ದರು ಅನ್ನುವುದಕ್ಕೆ ಒಂದು ಉದಾಹರಣೆ ಕೊಡ್ತೀನಿ. ನೋಹನ ಕಥೆ ನಿಮಗೆ ಗೊತ್ತು. "ನೋಹ ನೀತಿವಂತ, ತನ್ನ ಕಾಲದವರಲ್ಲಿ ತಪ್ಪಿಲ್ಲದವನು" ಅಂತ ಅಲ್ಲಿ ಬರುತ್ತದೆ. ‘ತನ್ನ ಕಾಲದವರಲ್ಲಿ’ ಅನ್ನುವ ಮಾತು ಯಾಕೆ ಬೇಕಿತ್ತು? ಕೆಲವು ರಬ್ಬಿಗಳು ಇದು ಹೊಗಳಿಕೆ ಅಂದರು: ಅಷ್ಟು ಕೆಟ್ಟ ಜನರ ನಡುವೆಯೇ ಹೀಗಿದ್ದವನು ಒಳ್ಳೆಯವರ ನಡುವೆ ಇದ್ದಿದ್ದರೆ ಇನ್ನೆಷ್ಟು ಒಳ್ಳೆಯವನಾಗುತ್ತಿದ್ದ. ಇನ್ನು ಕೆಲವರು ಇದು ತೆಗಳಿಕೆ ಅಂದರು: ಆ ಕಾಲದವರ ಮುಂದೆ ಇವನು ದೊಡ್ಡವನು, ಅಬ್ರಹಾಮನ ಕಾಲದಲ್ಲಿ ಹುಟ್ಟಿದ್ದರೆ ಇವನನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ರಾಶಿ ಎರಡನ್ನೂ ಪಕ್ಕಪಕ್ಕ ಬರೆದು ಸುಮ್ಮನಾಗುತ್ತಾರೆ, ತೀರ್ಪು ಕೊಡುವುದಿಲ್ಲ. ಒಂಬೈನೂರು ವರ್ಷ ಕಳೆದರೂ ಮನೆಮನೆಯ ಅಜ್ಜಿ, ಅಳಿಯ, ಮೊಮ್ಮಗ ಆ ತೀರ್ಪಿಗಾಗಿ ಬಡಿದಾಡುತ್ತಿದ್ದಾರೆ.

ಮುಂದಿನ ಶುಕ್ರವಾರ ನೀವೂ ಒಂದು ಪ್ರಶ್ನೆ ಕೇಳಿ. ಆದಿಕಾಂಡ ನಿಮಗೆ ಚಿಕ್ಕಂದಿನಿಂದ ಗೊತ್ತಿರುವುದೇ. ಅಜ್ಜಿಗೆ ಖುಷಿಯಾಗುತ್ತದೆ.

ಪ್ರಶ್ನೆ: ನಾನೂ ಅದೇ ಕೆಲಸದಲ್ಲಿದ್ದೇನೆ, ಊರು ಮೂಡುಬಿದಿರೆ. ನಮ್ಮ ಸಾಫ್ತಾ ತುಂಬಾ ಧಾರ್ಮಿಕ. ಶನಿವಾರ ‘ಲೈಟ್ ಆರಿಸು’ ಅಂತ ಹೇಳುವುದೇ ಇಲ್ಲ. ‘ಅಯ್ಯೋ, ಬೆಳಕು ಜಾಸ್ತಿ ಆಯ್ತು, ನಿದ್ದೆ ಬರ್ತಿಲ್ಲ’ ಅಂತ ಗೋಡೆ ನೋಡಿಕೊಂಡು ಹೇಳುತ್ತಾರೆ. ಮೊದಮೊದಲು ನನಗೆ ಅರ್ಥವೇ ಆಗುತ್ತಿರಲಿಲ್ಲ. ನೇರವಾಗಿ ಹೇಳಿದರೆ ಏನಾಗುತ್ತದೆ?
— ಜೆರುಸಲೇಮ್‌ನಿಂದ

(ಸಾಫ್ತಾ ಅಂದರೆ ಹೀಬ್ರೂನಲ್ಲಿ ಅಜ್ಜಿ. ಅಲ್ಲಿ ಕೆಲಸ ಮಾಡುವ ನಮ್ಮ ಕರಾವಳಿಯವರ ಬಾಯಲ್ಲೂ ಅದೇ ಮಾತು.)

ಶಬ್ಬಾತ್ (ಶನಿವಾರದ ಬಿಡುವು) ದಿನ ಮಾಡಬಾರದ ಕೆಲಸಗಳು 39 ಬಗೆ. ತೋರಾದಲ್ಲಿ ದೇವರ ಗುಡಾರ ಕಟ್ಟುವ ವಿವರ ಬರುತ್ತದೆ. ಅದಕ್ಕೆ ಬೇಕಾದ ಕೆಲಸಗಳನ್ನೆಲ್ಲ ರಬ್ಬಿಗಳು ಪಟ್ಟಿ ಮಾಡಿದರು: ಉಳುವುದು, ಬೇಯಿಸುವುದು, ನೇಯುವುದು, ಹೊಲಿಯುವುದು, ಬರೆಯುವುದು, ಹರಿಯುವುದು, ಬೆಂಕಿ ಹೊತ್ತಿಸುವುದು, ಆರಿಸುವುದು, ಹೀಗೆ. ಆಯಾಸವಾಗುತ್ತದೋ ಇಲ್ಲವೋ ಅನ್ನುವುದು ಅಳತೆಯಲ್ಲ. ಭಾರದ ಮೇಜನ್ನು ಮನೆಯೊಳಗೆ ಎಳೆದಾಡಬಹುದು, ಒಂದು ಅಕ್ಷರ ಗೀಚುವ ಹಾಗಿಲ್ಲ.

ಬೆಂಕಿಯ ಮಾತು ವಿಮೋಚನಕಾಂಡ 35ನೇ ಅಧ್ಯಾಯದ 3ನೇ ವಚನದಲ್ಲಿ ನೇರವಾಗಿಯೇ ಇದೆ. ವಿದ್ಯುತ್ ಬಂದ ಮೇಲೆ ಬಲ್ಬು ಬೆಂಕಿಯೋ ಅಲ್ಲವೋ ಅಂತ ದೊಡ್ಡ ಚರ್ಚೆ ಆಯಿತು. ಒಳಗೆ ತಂತಿ ಕೆಂಪಗೆ ಕಾಯುವುದರಿಂದ ಅದು ಬೆಂಕಿಯೇ ಅಂದರು ಕೆಲವರು, ಸ್ವಿಚ್ ಹಾಕುವುದು ಏನನ್ನೋ ‘ಕಟ್ಟಿದ’ ಹಾಗೆ ಅಂದರು ಇನ್ನು ಕೆಲವರು. ಕಾರಣ ಯಾವುದಾದರೂ ಸಂಪ್ರದಾಯಸ್ಥರು ಸ್ವಿಚ್ ಮುಟ್ಟುವುದಿಲ್ಲ. ಅದಕ್ಕೇ ಇಷ್ಟೆಲ್ಲ ಏರ್ಪಾಟು: ಲೈಟಿಗೆ ಟೈಮರ್, ಅಡುಗೆ ಬಿಸಿ ಇಡಲು ಶುಕ್ರವಾರವೇ ಹಚ್ಚಿಟ್ಟ ಪ್ಲಾಟಾ, ಪ್ರತಿ ಮಹಡಿಯಲ್ಲೂ ತಾನೇ ನಿಲ್ಲುವ ಲಿಫ್ಟು. ಫ್ರಿಜ್ಜಿನ ಬಾಗಿಲು ತೆಗೆದರೆ ಒಳಗೆ ದೀಪ ಹತ್ತುತ್ತದಲ್ಲ, ಆ ಬಲ್ಬನ್ನು ಮೊದಲೇ ಸಡಿಲ ಮಾಡಿಡುತ್ತಾರೆ. ಟಾಯ್ಲೆಟ್ ಪೇಪರನ್ನೂ ಶುಕ್ರವಾರವೇ ಹರಿದು ಇಡುವ ಮನೆಗಳಿವೆ. ನೀವು ನೋಡಿಯೇ ಇರುತ್ತೀರಿ.

ಈಗ ನಿಮ್ಮ ಪ್ರಶ್ನೆ. ತಾನು ಮಾಡಬಾರದ ಕೆಲಸವನ್ನು ಯಹೂದಿ ಅಲ್ಲದವರ ಕೈಲಿ ಹೇಳಿ ಮಾಡಿಸುವುದನ್ನೂ ರಬ್ಬಿಗಳು ತಡೆದಿದ್ದಾರೆ. ಇಲ್ಲದಿದ್ದರೆ ಆಳು ಇಟ್ಟುಕೊಂಡವರಿಗೆ ಶಬ್ಬಾತ್ ಅನ್ನುವುದೇ ಇರುತ್ತಿರಲಿಲ್ಲ. ಆದರೆ ಅಪ್ಪಣೆ ಮಾಡದೆ ಇರುವ ಸ್ಥಿತಿಯನ್ನಷ್ಟೇ ಹೇಳಬಹುದು. ‘ಬೆಳಕು ಜಾಸ್ತಿ ಆಯ್ತು’ ಅನ್ನುವುದು ಅದೇ. ಕೇಳಿಸಿಕೊಂಡವರು ತಾವಾಗಿ ಆರಿಸಿದರೆ ಆರಿಸಿದರು. ಇದು ದೇವರಿಗೇ ಟೋಪಿ ಹಾಕುವ ಕೆಲಸ ಅಂತ ನಗುವವರು ಯಹೂದಿಗಳಲ್ಲೇ ಬೇಕಾದಷ್ಟು ಜನ ಇದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಟೋಪಿ ಹಾಕುವವರಿಗೆ ಗೆರೆ ಎಲ್ಲಿದೆ ಅನ್ನುವ ಚಿಂತೆ ಇರುವುದಿಲ್ಲ. ಇವರು ಗೆರೆಯ ಮೇಲೆ ಕಾಲಿಡಬಾರದು ಅಂತಲೇ ಇಷ್ಟು ಸುತ್ತುಬಳಸಿ ಮಾತಾಡುವುದು.

ಎರಡು ವಿಷಯ ನೆನಪಿಡಿ. ಕಾಯಿಲೆ ಬಿದ್ದವರ ವಿಷಯದಲ್ಲಿ ನಿಯಮ ಸಡಿಲ, ಅವರಿಗೆ ಬೇಕಾದ್ದನ್ನು ನಿಮಗೆ ನೇರವಾಗಿ ಹೇಳಬಹುದು. ಸಾಫ್ತಾ ಹಾಸಿಗೆ ಹಿಡಿದಿದ್ದೂ ಸಂಕೋಚ ಪಡುತ್ತಿದ್ದರೆ, ವಾರದ ನಡುವೆ ಅವರ ಮಕ್ಕಳಿಗೆ ಹೇಳಿ, ಅವರು ತಮ್ಮ ರಬ್ಬಿಯನ್ನು ಕೇಳುತ್ತಾರೆ. ಇನ್ನೊಂದು, ಸಾಫ್ತಾ ಬಿದ್ದರೆ, ಎದೆನೋವು ಅಂದರೆ, ಯಾವ ಸುಳಿವಿಗೂ ಕಾಯಬೇಡಿ. 101ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ಬರುತ್ತದೆ. ಜೀವಕ್ಕೆ ಅಪಾಯ ಇದೆ ಅನ್ನುವಾಗ ಶಬ್ಬಾತ್ ಮುರಿಯಲೇಬೇಕು ಅಂತ ಅವರ ಕಾನೂನೇ ಹೇಳುತ್ತದೆ. ಮನೆಯಲ್ಲಿ ಯಹೂದಿಗಳು ಇದ್ದರೆ ಅವರೇ ಫೋನ್ ಎತ್ತಬೇಕು, ಬೇರೆಯವರು ಬರಲಿ ಅಂತ ತಡಮಾಡುವುದೇ ತಪ್ಪು.

ಪ್ರಶ್ನೆ: ಇಷ್ಟೆಲ್ಲ ನಿಯಮವನ್ನು ಎಲ್ಲ ಯಹೂದಿಗಳೂ ಪಾಲಿಸುತ್ತಾರಾ?
— ಬಳ್ಳಾರಿಯಿಂದ

ಇಲ್ಲ. ಶನಿವಾರ ಟೆಲ್ ಅವೀವ್‌ನ ಬೀಚಿಗೆ ಹೋದರೆ ಕಾಲಿಡಲು ಜಾಗ ಇರುವುದಿಲ್ಲ, ಕೆಫೆಗಳೂ ತೆರೆದಿರುತ್ತವೆ. ಆದರೆ ಏನನ್ನೂ ಪಾಲಿಸದವರೂ ಶುಕ್ರವಾರ ರಾತ್ರಿ ಅಮ್ಮನ ಮನೆ ಊಟಕ್ಕೆ ತಪ್ಪಿಸುವುದು ಕಡಿಮೆ. ಪ್ರಾಯಶ್ಚಿತ್ತದ ಉಪವಾಸದ ದಿನವಾದ ಯೋಮ್ ಕಿಪ್ಪುರ್‌ನಂದಂತೂ ಇಸ್ರೇಲಿನಲ್ಲಿ ಹೆದ್ದಾರಿಗಳೇ ಖಾಲಿ, ಮಕ್ಕಳು ರಸ್ತೆ ನಡುವೆ ಸೈಕಲ್ ಹೊಡೆಯುತ್ತಾರೆ.

ಪ್ರಶ್ನೆ: ನಮ್ಮ ಕಂಪನಿಗೆ ಇಸ್ರೇಲಿನಿಂದ ಒಬ್ಬ ಸಹೋದ್ಯೋಗಿ ಬರುತ್ತಿದ್ದಾರೆ. ಕೋಷರ್ (ಅವರ ಧರ್ಮದ ನಿಯಮಕ್ಕೆ ಒಪ್ಪುವ ಆಹಾರ) ಬಿಟ್ಟು ಬೇರೆ ಏನೂ ತಿನ್ನಲ್ಲ. ನಮ್ಮದು ಶುದ್ಧ ಸಸ್ಯಾಹಾರಿ ಮನೆ, ಮೊಟ್ಟೆಯನ್ನೂ ತರಲ್ಲ. ಹಾಗಾದರೆ ಅವರು ಧೈರ್ಯವಾಗಿ ಊಟ ಮಾಡಬಹುದಲ್ವಾ?
— ಬೆಂಗಳೂರು, ಜಯನಗರದಿಂದ

ಮಾಡಬಹುದು ಅಂತ ನೀವು ಅಂದುಕೊಳ್ಳುವುದು ಸಹಜ, ಆದರೆ ಅವರು ಬೇಡ ಅನ್ನಬಹುದು. ಬೇಜಾರು ಮಾಡಿಕೊಳ್ಳಬೇಡಿ.

ಮಾಂಸದ ತೊಂದರೆ ನಿಮ್ಮ ಮನೆಯಲ್ಲಿಲ್ಲ, ಅದು ದೊಡ್ಡ ಅನುಕೂಲ. "ಮರಿಯನ್ನು ಅದರ ತಾಯಿಯ ಹಾಲಿನಲ್ಲಿ ಬೇಯಿಸಬೇಡ" ಅನ್ನುವ ಒಂದೇ ಮಾತು ತೋರಾದಲ್ಲಿ ಮೂರು ಕಡೆ ಬರುತ್ತದೆ. ಮೂರು ಸಲ ಯಾಕೆ ಅಂತ ತಾಲ್ಮುದಿನ ರಬ್ಬಿಗಳು ತಲೆ ಕೆಡಿಸಿಕೊಂಡರು. ಮಾಂಸ ಮತ್ತು ಹಾಲನ್ನು ಸೇರಿಸಿ ಬೇಯಿಸಬಾರದು, ತಿನ್ನಬಾರದು, ಅದರಿಂದ ಲಾಭವನ್ನೂ ಪಡೆಯಬಾರದು ಅಂತ ಮೂರು ಅರ್ಥ ತೆಗೆದರು. ಆ ಒಂದು ಸಾಲಿನಿಂದ ಇವತ್ತಿನ ಅಡುಗೆಮನೆಯಲ್ಲಿ ಎರಡು ಸಿಂಕ್, ಎರಡು ಸೆಟ್ ಪಾತ್ರೆ, ಎರಡು ಸೆಟ್ ಚಮಚ. ಮಾಂಸ ತಿಂದ ಮೇಲೆ ಹಾಲಿನದ್ದು ತಿನ್ನಲು ಹೆಚ್ಚಿನವರು ಆರು ಗಂಟೆ ಕಾಯುತ್ತಾರೆ, ಜರ್ಮನಿ ಮೂಲದವರು ಮೂರು ಗಂಟೆ, ಡಚ್ ಯಹೂದಿಗಳು ಒಂದೇ ಗಂಟೆ. ಓದು ಅಡುಗೆಮನೆಗೆ ಇಳಿಯುವುದು ಅಂದರೆ ಇದು.

ನಿಮ್ಮ ಮನೆಯ ವಿಷಯದಲ್ಲಿ ಅಡ್ಡ ಬರುವುದು ಬೇರೆಯವು. ಪಾತ್ರೆ ಬಿಸಿಯಾದಾಗ ಒಳಗಿನ ಪದಾರ್ಥದ ಸಾರ ಹೀರಿಕೊಳ್ಳುತ್ತದೆ ಅನ್ನುವುದು ಅವರ ಲೆಕ್ಕ. ಹಾಗಾಗಿ ಆ ಬಾಣಲೆಯಲ್ಲಿ ಹಿಂದೆ ಏನು ಬೆಂದಿತ್ತು ಅನ್ನುವುದೂ ಮುಖ್ಯ. ಚೀಸ್ ಮಾಡಲು ಹಾಕುವ ರೆನೆಟ್ ಪ್ರಾಣಿಯದ್ದಿರಬಹುದು. ವೈನ್ ಯಾರು ಮಾಡಿದ್ದು, ಅಡುಗೆ ಯಾರು ಬೇಯಿಸಿದ್ದು ಅನ್ನುವುದಕ್ಕೂ ನಿಯಮಗಳಿವೆ. ಮತ್ತೆ ಹುಳ! ಸೊಪ್ಪು, ಹೂಕೋಸಿನಲ್ಲಿ ಕಣ್ಣಿಗೆ ಕಾಣುವ ಒಂದು ಹುಳ ಇದ್ದರೂ ಅದು ಕೋಷರ್ ಅಲ್ಲ. ಎಲೆ ಎಲೆ ಬಿಡಿಸಿ, ನೆನೆಸಿ, ಬೆಳಕಿಗೆ ಹಿಡಿದು ನೋಡುತ್ತಾರೆ. ಪೊಟ್ಟಣದ ಮೇಲಿನ ನಮ್ಮ ಹಸಿರು ಚುಕ್ಕೆ ಇದ್ಯಾವುದನ್ನೂ ಹೇಳುವುದಿಲ್ಲ.

ಏನು ಮಾಡಬಹುದು ಅಂದರೆ, ಮೊದಲು ಅವರನ್ನೇ ಕೇಳಿ. ಪಾಲನೆ ಒಬ್ಬೊಬ್ಬರದು ಒಂದೊಂದು ಥರ. ಹೆಚ್ಚದ ಹಣ್ಣು, ಎಳನೀರು ಕೊಟ್ಟರೆ ಸಾಮಾನ್ಯವಾಗಿ ತಕರಾರಿಲ್ಲ. ನಮ್ಮಲ್ಲೇ ತಯಾರಾಗುವ ಕೆಲವು ಪೊಟ್ಟಣಗಳ ಮೇಲೆ ರಫ್ತಿಗಾಗಿ ಕೋಷರ್ ಮುದ್ರೆ ಇರುತ್ತದೆ, ವೃತ್ತದೊಳಗೆ ಇಂಗ್ಲಿಷ್ ಯು ಅಕ್ಷರ ಇದ್ದರೆ ಅದೇ. ಪೊಟ್ಟಣವನ್ನು ಅವರ ಮುಂದೆಯೇ ಒಡೆದು ಕಾಗದದ ತಟ್ಟೆಗೆ ಹಾಕಿ. ಬಿಸಿಬೇಳೆಬಾತಿಗೆ ಒತ್ತಾಯ ಮಾಡಬೇಡಿ. ‘ಸ್ವಲ್ಪ ರುಚಿನಾದ್ರೂ ನೋಡಿ’ ಅನ್ನುವ ನಮ್ಮ ಉಪಚಾರ ಅವರಿಗೆ ಹಿಂಸೆ.

ಇಸ್ರೇಲಿನಲ್ಲಿ ಮನೆಕೆಲಸದಲ್ಲಿರುವವರಿಗೆ ಇಲ್ಲೇ ಒಂದು ಮಾತು: ಪಾತ್ರೆ ತೊಳೆಯುವ ಸ್ಪಂಜಿಗೆ ಸಾಮಾನ್ಯವಾಗಿ ಕೆಂಪು ಮಾಂಸಕ್ಕೆ, ನೀಲಿ ಹಾಲಿಗೆ. ಅದಲುಬದಲಾದರೆ ಸುಮ್ಮನಿರದೆ ಹೇಳಿಬಿಡಿ. ಎಷ್ಟೋ ಸಲ ಅದಕ್ಕೆ ಪರಿಹಾರ ಇರುತ್ತದೆ.

ಪ್ರಶ್ನೆ: ಈ ತೋರಾ ಓದು, ವಾದ ಎಲ್ಲ ಗಂಡಸರದ್ದೇನಾ? ಹೆಂಗಸರಿಗೆ ಬರೀ ಅಡುಗೆ, ದೀಪ ಹಚ್ಚುವುದು ಅಷ್ಟೇನಾ?
— ಮೈಸೂರಿನಿಂದ, ಹೈಸ್ಕೂಲ್ ಟೀಚರ್

ಬಹಳ ಕಾಲ ಹೆಚ್ಚುಕಡಿಮೆ ಹಾಗೇ ಇತ್ತು, ಮುಚ್ಚಿಡುವುದೇನಿದೆ. ಇವತ್ತಿಗೂ ಸಂಪ್ರದಾಯಸ್ಥ ಸಿನಗಾಗ್‌ಗಳಲ್ಲಿ ಸುರುಳಿ ಓದುವುದು ಗಂಡಸರೇ. ರಿಫಾರ್ಮ್, ಕನ್ಸರ್ವೇಟಿವ್ ಪಂಥಗಳಲ್ಲಿ ಹೆಂಗಸರೂ ಓದುತ್ತಾರೆ, ರಬ್ಬಿಗಳೂ ಆಗುತ್ತಾರೆ. 1922ರ ಮಾರ್ಚಿನಲ್ಲಿ ನ್ಯೂಯಾರ್ಕಿನಲ್ಲಿ ಜೂಡಿತ್ ಕಪ್ಲನ್ ಅನ್ನುವ ಹುಡುಗಿ ಸಿನಗಾಗ್‌ನಲ್ಲಿ ಎಲ್ಲರ ಮುಂದೆ ನಿಂತು ಓದಿದ್ದು ಅಮೆರಿಕದಲ್ಲಿ ಹೊಸ ಸಂಗತಿ. ಅವಳ ಅಪ್ಪ ರಬ್ಬಿ ಮೊರ್ದೆಖಾಯ್ ಕಪ್ಲನ್.

ಆದರೆ ನೀವು ಟೀಚರ್ ಅಂದಿರಲ್ಲ, ನಿಮಗೆ ನಾನು ಹೇಳಬೇಕಾದದ್ದು ನೆಹಾಮಾ ಲೈಬೋವಿಟ್ಸ್ ಬಗ್ಗೆ. 1905ರಲ್ಲಿ ರಿಗಾದಲ್ಲಿ ಹುಟ್ಟಿದರು. ಜರ್ಮನಿಯಲ್ಲಿ ಡಾಕ್ಟರೇಟ್ ಮುಗಿಸಿ 1930ರಲ್ಲಿ ಜೆರುಸಲೇಮಿಗೆ ಬಂದು ನೆಲೆಸಿದರು. ವಿಜ್ಞಾನಿ, ಚಿಂತಕ ಯೆಶಾಯಾಹು ಲೈಬೋವಿಟ್ಸ್ ಅವರ ಅಣ್ಣ. ಇವರು ಸಂಪ್ರದಾಯಸ್ಥ ಹೆಂಗಸು, ತಲೆಯ ಮೇಲೆ ಸದಾ ಟೋಪಿ. 1942ರಲ್ಲಿ ಅವರ ತರಗತಿಗೆ ಬರುತ್ತಿದ್ದ ಹೆಂಗಸರು ಊರಿಗೆ ಮರಳುವಾಗ ಓದು ಮುಂದುವರಿಸುವುದು ಹೇಗೆ ಅಂತ ಕೇಳಿದರು. ನೆಹಾಮಾ ಆ ವಾರದ ಪರಾಶಾ ಮೇಲೆ ಒಂದು ಹಾಳೆ ತಯಾರಿಸಿ ಅಂಚೆಯಲ್ಲಿ ಕಳಿಸಿದರು. ಆಮೇಲೆ ಸುಮಾರು 30 ವರ್ಷ ವಾರವಾರ ಹಾಳೆ ಹೋಗುತ್ತಲೇ ಇತ್ತು.

ಹಾಳೆಯಲ್ಲಿ ವಿವರಣೆ ಇಲ್ಲ, ಉತ್ತರ ಇಲ್ಲ. ಬರೀ ಪ್ರಶ್ನೆಗಳು. ರಾಶಿ ಇಲ್ಲಿ ಹೀಗೆ ಯಾಕೆ ಹೇಳಿದರು? ಅವರಿಗೆ ಈ ಸಾಲಿನಲ್ಲಿ ಏನು ತೊಡಕು ಕಂಡಿತು? ಇನ್ನೊಬ್ಬ ವ್ಯಾಖ್ಯಾನಕಾರ ಇದನ್ನು ಒಪ್ಪುವುದಿಲ್ಲ, ಯಾಕೆ? ಕಷ್ಟದ ಪ್ರಶ್ನೆಗೆ ಒಂದು ಇಂಟು ಗುರುತು, ತೀರಾ ಕಷ್ಟದ್ದಕ್ಕೆ ಎರಡು. ಜನ ಉತ್ತರ ಬರೆದು ಅಂಚೆಗೆ ಹಾಕುತ್ತಿದ್ದರು. ರೈತರು, ಸೈನಿಕರು, ನರ್ಸುಗಳು, ರಬ್ಬಿಗಳು, ಎಲ್ಲರೂ. ಇವರು ಕೆಂಪು ಪೆನ್ನಿನಲ್ಲಿ ತಿದ್ದಿ ವಾಪಸ್ ಕಳಿಸುತ್ತಿದ್ದರು. ಸಾವಿರಾರು ಉತ್ತರಗಳು, ಸಹಾಯಕ್ಕೆ ಕಚೇರಿಯಿಲ್ಲ, ಸಿಬ್ಬಂದಿಯಿಲ್ಲ. 1956ರಲ್ಲಿ ಅವರಿಗೆ ಇಸ್ರೇಲ್ ಪ್ರಶಸ್ತಿ ಬಂತು. 1997ರಲ್ಲಿ ತೀರಿಕೊಂಡರು. ಸಮಾಧಿ ಕಲ್ಲಿನ ಮೇಲೆ ಹೆಸರಿನ ಜೊತೆ ಬರೆಸಿಕೊಂಡದ್ದು ‘ಟೀಚರ್’ ಅಂತ ಅಷ್ಟೇ.

ಇವತ್ತು ಮಕ್ಕಳು ಶಾಲೆಯಿಂದ ಮನೆಗೆ ತರುವ ಪರಾಶಾ ಹಾಳೆಗಳಲ್ಲಿ, ಸಿನಗಾಗ್ ಬಾಗಿಲಲ್ಲಿ ಹಂಚುವ ಚೀಟಿಗಳಲ್ಲಿ ಅವರ ಧಾಟಿ ಕಾಣುತ್ತದೆ. ಒಳ್ಳೆಯ ಪ್ರಶ್ನೆ ಹಾಕುವುದು ಉತ್ತರ ಬರೆಯುವುದಕ್ಕಿಂತ ಕಷ್ಟದ ಕೆಲಸ. ಪ್ರಶ್ನೆಪತ್ರಿಕೆ ತಯಾರಿಸುವ ನಿಮಗೆ ಇದನ್ನು ನಾನು ಹೇಳಬೇಕಿಲ್ಲ.

ಪ್ರಶ್ನೆ: ಪಕ್ಕದ ಮನೆಯ ಹುಡುಗನ ಬಾರ್ ಮಿಟ್ಸ್ವಾಗೆ ಕರೆ ಬಂದಿದೆ, ಶನಿವಾರ ಬೆಳಿಗ್ಗೆ. ಏನು ಉಡುಗೊರೆ ಕೊಡಬೇಕು? ಹೇಗೆ ನಡೆದುಕೊಳ್ಳಬೇಕು?
— ನ್ಯೂಜೆರ್ಸಿಯಿಂದ ಕನ್ನಡದ ಕುಟುಂಬ

13 ತುಂಬಿದ ಹುಡುಗ ಇನ್ನು ಮುಂದೆ ನಿಯಮಗಳಿಗೆ ತಾನೇ ಜವಾಬ್ದಾರ ಅನ್ನುವ ದಿನ ಅದು. ಅವತ್ತು ಅವನು ತನ್ನ ವಾರದ ಪರಾಶಾವನ್ನೋ ಅದರ ಒಂದು ಭಾಗವನ್ನೋ ಎಲ್ಲರ ಮುಂದೆ ಓದುತ್ತಾನೆ. ಸುಲಭ ಅಂದುಕೊಳ್ಳಬೇಡಿ. ತೋರಾದ ಸುರುಳಿಯನ್ನು ಚರ್ಮದ ಮೇಲೆ ಕೈಯಲ್ಲೇ ಬರೆಯುತ್ತಾರೆ, ಒಟ್ಟು 3,04,805 ಅಕ್ಷರ. ಸ್ವರದ ಗುರುತಿಲ್ಲ, ರಾಗದ ಗುರುತಿಲ್ಲ, ಎಲ್ಲ ಬಾಯಿಪಾಠ ಆಗಿರಬೇಕು. ತಿಂಗಳುಗಟ್ಟಲೆ ಅಭ್ಯಾಸ ಮಾಡಿರುತ್ತಾನೆ, ಪಾಪ. ಓದುವಾಗ ತಪ್ಪಾದರೆ ಕೂತವರು ಅಲ್ಲಿಂದಲೇ ಕೂಗಿ ತಿದ್ದುತ್ತಾರೆ. ಅವಮಾನ ಮಾಡಿದರು ಅಂತ ಗಾಬರಿಯಾಗಬೇಡಿ. ಓದು ಮುಗಿದ ಮೇಲೆ ಕೆಲವು ಕಡೆ ಹುಡುಗನ ಮೇಲೆ ಚಾಕೊಲೇಟ್ ಎಸೆಯುತ್ತಾರೆ, ಮಕ್ಕಳು ಆಯ್ದುಕೊಳ್ಳಲು ನುಗ್ಗುತ್ತಾರೆ.

ಸಂಪ್ರದಾಯಸ್ಥ ಸಿನಗಾಗ್ ಆಗಿದ್ದರೆ ಫೋನ್ ತೆಗೆಯಬೇಡಿ, ಫೋಟೋ ಬೇಡ, ಉಡುಗೊರೆಯನ್ನೂ ಅವತ್ತು ಒಯ್ಯಬೇಡಿ. ಮೊದಲೇ ಇಲ್ಲವೇ ಆಮೇಲೆ ಮನೆಗೆ ಕೊಡಿ. ಗಂಡಸರಿಗೆ ತಲೆಗೆ ಹಾಕಲು ಟೋಪಿ ಬಾಗಿಲಲ್ಲೇ ಇಟ್ಟಿರುತ್ತಾರೆ. ದುಡ್ಡು ಕೊಡುವುದಾದರೆ 18ರ ಲೆಕ್ಕ: 18, 36, 54 ಡಾಲರ್, ಹೀಗೆ. ಹೀಬ್ರೂನಲ್ಲಿ ಅಕ್ಷರಗಳಿಗೆ ಅಂಕಿಯ ಬೆಲೆ ಇದೆ, ‘ಜೀವಂತ’ ಅನ್ನುವ ಮಾತಿನ ಮೊತ್ತ 18. ನಮ್ಮಲ್ಲಿ 101, 501 ಕೊಡುವವರಿಗೆ ಇದೇನು ವಿಚಿತ್ರ ಅನ್ನಿಸಲಿಕ್ಕಿಲ್ಲ. ಬೆಳಗಿನ ತಿಂಡಿ ಚೆನ್ನಾಗಿ ತಿಂದು ಹೋಗಿ, ಎರಡು ಮೂರು ಗಂಟೆ ಹಿಡಿಯುತ್ತದೆ.

ಪ್ರಶ್ನೆ: ನಮ್ಮ ಕಡೆ ಯಾವತ್ತಾದರೂ ಯಹೂದಿಗಳು ಇದ್ದರಾ? ಕೊಚ್ಚಿಯದ್ದು ಕೇಳಿದ್ದೇನೆ, ಕರ್ನಾಟಕದ್ದು ಗೊತ್ತಿಲ್ಲ.
— ಮಂಗಳೂರಿನಿಂದ

ನಿಮ್ಮ ಊರಿನಲ್ಲೇ ಇದ್ದರು! ಮೇಲೆ ಕೈರೋದ ಎರಡು ಸಿನಗಾಗ್ ವಿಷಯ ಬಂತಲ್ಲ. ಅದರಲ್ಲಿ ಮೂರು ವರ್ಷಕ್ಕೆ ತೋರಾ ಮುಗಿಸುತ್ತಿದ್ದದ್ದು ಬೆನ್ ಎಜ್ರಾ ಸಿನಗಾಗ್. ದೇವರ ಹೆಸರಿರುವ ಹಾಳೆಯನ್ನು ಯಹೂದಿಗಳು ಕಸಕ್ಕೆ ಹಾಕುವುದಿಲ್ಲ, ಒಂದು ಕಡೆ ಕೂಡಿಟ್ಟು ಹೂಳುತ್ತಾರೆ. ಈ ಸಿನಗಾಗ್‌ನಲ್ಲಿ ಹಾಗೆ ಕೂಡಿಡುವ ಕೋಣೆಗೆ ಧರ್ಮದ ಹಾಳೆಗಳ ಜೊತೆ ವ್ಯಾಪಾರದ ಪತ್ರ, ಲೆಕ್ಕದ ಚೀಟಿ ಎಲ್ಲ ಬಿತ್ತು, ಹೂಳಲಿಲ್ಲ, ನೂರಾರು ವರ್ಷ ಹಾಗೇ ಉಳಿಯಿತು. 1896–97ರಲ್ಲಿ ಸಾಲೊಮನ್ ಶೆಕ್ಟರ್ ಅನ್ನುವ ವಿದ್ವಾಂಸರು ಅದರ ಬಹುಪಾಲನ್ನು ಕೇಂಬ್ರಿಜ್‌ಗೆ ಒಯ್ದರು.

ಆ ರಾಶಿಯಲ್ಲಿ ಸಿಕ್ಕಿದ್ದು ಅಬ್ರಹಾಂ ಬೆನ್ ಯಿಜು ಎಂಬ ವ್ಯಾಪಾರಿಯ ಕಾಗದಪತ್ರ. ಟುನೀಶಿಯಾದವನು. 1130ರ ದಶಕದಿಂದ 1149ರವರೆಗೆ ಹೆಚ್ಚಾಗಿ ಮಂಗಳೂರಿನಲ್ಲೇ ಇದ್ದ. ಇಲ್ಲಿಂದ ಯೆಮೆನ್ ಬಂದರಾದ ಏಡನ್‌ಗೆ ಮೆಣಸು, ಕಬ್ಬಿಣ, ನಮ್ಮ ಅಡಿಕೆ ಕಳಿಸುತ್ತಿದ್ದ. ಕಂಚಿನ ಪಾತ್ರೆ ಮಾಡಿಸುವ ಕೆಲಸವನ್ನೂ ನಡೆಸುತ್ತಿದ್ದ. ಏಡನ್‌ನ ಗೆಳೆಯರು ಅವನಿಗೆ ಸಕ್ಕರೆ, ಒಣದ್ರಾಕ್ಷಿ, ಬರೆಯಲು ಕಾಗದ ಕಳಿಸುತ್ತಿದ್ದರು. ಕಾಗದ ಇಲ್ಲಿ ದುರ್ಲಭ, ಹಾಗಾಗಿ ಬಂದ ಪತ್ರಗಳ ಹಿಂಬದಿಯಲ್ಲೇ ಲೆಕ್ಕ ಬರೆಯುತ್ತಿದ್ದ. ಹೀಬ್ರೂ ಪದ್ಯವನ್ನೂ ಬರೆಯುತ್ತಿದ್ದ. ಆಶು ಅನ್ನುವ ದಾಸಿಯನ್ನು 1132ರಲ್ಲಿ ಪತ್ರ ಬರೆದು ಬಿಡುಗಡೆ ಮಾಡಿದ, ಅವಳೇ ಅವನ ಮಕ್ಕಳ ತಾಯಿ ಅನ್ನುತ್ತಾರೆ ವಿದ್ವಾಂಸರು. ಅವನ ಪರವಾಗಿ ಏಡನ್‌ಗೆ ಹೋಗಿಬರುತ್ತಿದ್ದ ಆಳಿನ ಹೆಸರನ್ನು ಬೊಮ್ಮ ಅಂತ ಓದುವವರಿದ್ದಾರೆ, ಅಂದರೆ ತುಳುನಾಡಿನವನು.

ಬೆಂಗಳೂರಿನಲ್ಲಿ ಮೈಸೂರು ರಸ್ತೆಯಲ್ಲಿ ಯಹೂದಿಗಳ ಒಂದು ಸಣ್ಣ ಸ್ಮಶಾನ ಇದೆ. ಇನ್ನು ನಮ್ಮ ಪಕ್ಕದ ಕೊಂಕಣದಲ್ಲಿ ಬೆನೆ ಇಸ್ರೇಲ್ ಯಹೂದಿಗಳು. ಗಾಣದಲ್ಲಿ ಎಣ್ಣೆ ತೆಗೆಯುವುದು ಅವರ ಕಸುಬು, ಶನಿವಾರ ಗಾಣ ನಿಲ್ಲಿಸುತ್ತಿದ್ದರು. ಊರವರು ಅವರನ್ನು ಕರೆಯುತ್ತಿದ್ದದ್ದೇ ‘ಶನಿವಾರ ತೇಲಿ’ ಅಂತ. ಹರಕೆ ತೀರಿದಾಗ, ಮದುವೆಗೆ ಮುಂಚೆ ಅವರು ಪ್ರವಾದಿ ಎಲೀಯನ ಹೆಸರಿನಲ್ಲಿ ಮಲಿದಾ ಮಾಡುತ್ತಾರೆ: ನೆನೆಸಿದ ಅವಲಕ್ಕಿ, ತೆಂಗಿನತುರಿ, ಸಕ್ಕರೆ, ಏಲಕ್ಕಿ, ಸುತ್ತಲೂ ಹಣ್ಣು. ಹೌದು, ನಮ್ಮ ಸಿಹಿ ಅವಲಕ್ಕಿಯೇ. ಬೆನೆ ಇಸ್ರೇಲ್‌ನವರಲ್ಲಿ ಹೆಚ್ಚಿನವರು ಈಗ ಇಸ್ರೇಲಿನಲ್ಲಿದ್ದಾರೆ, ಅಲ್ಲೂ ಮಲಿದಾ ಬಿಟ್ಟಿಲ್ಲ.

ಪ್ರಶ್ನೆ: ನಾನು ನಿವೃತ್ತ, ಹಿಂದೂ. ಧರ್ಮ ಬದಲಿಸುವ ಯೋಚನೆ ಏನಿಲ್ಲ. ಕುತೂಹಲಕ್ಕೆ ಈ ವಾರವಾರದ ಓದನ್ನು ಒಂದು ವರ್ಷ ಮಾಡಬಹುದಾ? ಹೀಬ್ರೂ ಬರಲ್ಲ.
— ದಾವಣಗೆರೆಯಿಂದ

ಧಾರಾಳವಾಗಿ ಮಾಡಿ. ಯಹೂದಿಗಳು ಯಾರನ್ನೂ ಮತಕ್ಕೆ ಎಳೆಯಲು ಹೋಗುವುದಿಲ್ಲ, ಬರುತ್ತೇನೆ ಅಂದವರನ್ನೇ ಬೇಡ ಅಂತ ತಡೆಯುವ ವಾಡಿಕೆ ಅವರದು. ನಿಮಗೆ ಆ ಭಯ ಬೇಡ.

ಕನ್ನಡ ಬೈಬಲಿನ ಮೊದಲ ಐದು ಪುಸ್ತಕ ಸಾಕು. ಹೀಬ್ರೂ ಕ್ಯಾಲೆಂಡರ್ ತೋರಿಸುವ ಆ್ಯಪ್‌ಗಳಲ್ಲಿ ಆ ವಾರ ಯಾವ ಅಧ್ಯಾಯದಿಂದ ಯಾವ ಅಧ್ಯಾಯ ಅಂತ ಇರುತ್ತದೆ. ಅಕ್ಟೋಬರ್ ತನಕ ಕಾಯಬೇಕಿಲ್ಲ, ಈ ವಾರದ್ದರಿಂದಲೇ ಹಿಡಿಯಿರಿ. ಹೇಗೂ ಸುತ್ತು ತಿರುಗಿ ಬರುತ್ತದೆ. ದಿನಕ್ಕೊಂದು ಪುಟದಂತೆ ತಾಲ್ಮುದ್ ಓದುವ ಪದ್ಧತಿಯೂ ಇದೆ, 1923ರಲ್ಲಿ ಶುರುವಾದದ್ದು. ಅದು 2,711 ಪುಟ, ಏಳೂವರೆ ವರ್ಷ. ಅದಕ್ಕೆ ಈಗಲೇ ಕೈ ಹಾಕಬೇಡಿ.

ಆದಿಕಾಂಡ ಸಲೀಸು, ಎಲ್ಲ ಮನೆಜಗಳದ ಕಥೆ: ಅಣ್ಣತಮ್ಮ, ಸವತಿ, ಮೋಸ ಹೋದ ಅಪ್ಪ. ವಿಮೋಚನಕಾಂಡದ ಅರ್ಧದವರೆಗೂ ರಂಗಾಗಿರುತ್ತದೆ. ಆಮೇಲೆ ಗುಡಾರದ ಅಳತೆ, ಪರದೆಯ ಬಣ್ಣ, ಯಾಜಕಕಾಂಡದಲ್ಲಿ ಬಲಿಯ ವಿಧಿ, ಚರ್ಮರೋಗದ ಪರೀಕ್ಷೆ. ಹೆಚ್ಚಿನವರು ಪುಸ್ತಕ ಮುಚ್ಚಿಡುವುದು ಅಲ್ಲೇ. ಆದರೆ ಹಿಂದೆ ಯಹೂದಿ ಮಕ್ಕಳಿಗೆ ಪಾಠ ಶುರು ಮಾಡುತ್ತಿದ್ದದ್ದೇ ಯಾಜಕಕಾಂಡದಿಂದ! ಶುದ್ಧವಾದ ಮಕ್ಕಳು ಶುದ್ಧಿಯ ವಿಷಯವನ್ನೇ ಮೊದಲು ಓದಲಿ ಅಂತ. ಮಕ್ಕಳೇ ಓದಿದ್ದನ್ನು ನಾವು ಓದಲಾರೆವಾ?

ಒಬ್ಬರೇ ಓದಬೇಡಿ. ಅವರ ಪಾಠಶಾಲೆಗಳಿಗೆ ಹೋದರೆ ಸಂತೆಯಷ್ಟು ಗದ್ದಲ, ಯಾಕೆಂದರೆ ಇಬ್ಬಿಬ್ಬರು ಎದುರುಬದುರು ಕೂತು, ಗಟ್ಟಿಯಾಗಿ ಓದಿ, ಅರ್ಥದ ಮೇಲೆ ವಾದ ಮಾಡುತ್ತಾರೆ. ಆ ಜೋಡಿಗೆ ಹವ್ರೂತಾ ಅನ್ನುತ್ತಾರೆ. ನೀವೂ ಒಬ್ಬರನ್ನು ಹಿಡಿಯಿರಿ. ನಿಮ್ಮ ಮಾತಿಗೆಲ್ಲ ತಲೆಯಾಡಿಸುವವರು ಬೇಡ. ಬೆಳಗಿನ ವಾಕಿಂಗ್ ಗುಂಪಿನಲ್ಲಿ ಏನು ಹೇಳಿದರೂ ‘ಅದು ಹಾಗಲ್ಲ ಸಾರ್’ ಅನ್ನುವವರು ಒಬ್ಬರಾದರೂ ಇರುತ್ತಾರಲ್ಲ, ಅವರನ್ನೇ ಕೇಳಿ ನೋಡಿ.